ಅಕ್ಕಿ ಚೀಲದ ಮಾತು

ಏಕಸಂಬಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆಯಂಗಡಿ. ಹದಿನಾಲ್ಕು ವರ್ಷದಿಂದ ಅಲ್ಲಿ ಹೆಂಗಸರ ಜಂಪರ, ಅಂದರೆ ರವಿಕೆ, ಹೊಲಿಯುತ್ತಿದ್ದೇನೆ. ಕಥೆ ಬರೆಯಲು ಶುರು ಮಾಡಿದ್ದು ಬಹಳ ತಡವಾಗಿ. ಬರೆದದ್ದರಿಂದ ಒಬ್ಬರ ಮನೆಯಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಆದ ಕ್ರಮದಲ್ಲೇ ಹೇಳುತ್ತೇನೆ. ಹೇಳಲು ಕೂತ ಮೇಲೂ ಮೂರು ಸಲ ಎದ್ದು ಬಾಗಿಲ ತನಕ ಹೋಗಿ ಬಂದಿದ್ದೇನೆ.

ಚಿಕ್ಕೋಡಿಯಲ್ಲಿ ಎರಡು ದಿನದ ಕಥಾ ಕಮ್ಮಟ ಇತ್ತು. ನಿವೃತ್ತ ಮಾಸ್ತರರೊಬ್ಬರು ನಮ್ಮ ಕಥೆಗಳನ್ನು ಓದಿ ತಿದ್ದುತ್ತಿದ್ದರು. ನನ್ನ ಸರದಿ ಬಂದಾಗ ಅವರು ಹಾಳೆಯ ಎಡಬದಿಗೆ, ಮಾತಾಡುವವರ ಹೆಸರುಗಳ ಮೇಲೆ, ಅಂಗೈ ಊರಿದರು.

"ಈಗ ಹೇಳವಾ, ಇದು ಮಾಂವ ಆಡಿದ ಮಾತೋ, ಸೊಸಿ ಆಡಿದ್ದೋ?"

ನಾನು ನೋಡಿದೆ. ಬರೆದವಳು ನಾನೇ, ಆದರೂ ಹೇಳಲಾಗಲಿಲ್ಲ.

"ಐದ ಮಂದಿ ಅದಾರ, ಐದೂ ಮಂದಿಗೆ ಒಂದ ನಾಲಿಗಿ. ನೀ ಏನ ಕೆಲಸಾ ಮಾಡ್ತಿ?"

"ಜಂಪರ ಹೊಲೀತೀನ್ರಿ."

"ಮತ್ತ ದಿನಾ ಇಷ್ಟ ಹೆಣಮಕ್ಕಳು ಬಂದು ಮಾತಾಡಿ ಹೋಗ್ತಾರ. ಕಿವಿ ಮನ್ಯಾಗ ಬಿಟ್ಟು ಕುಂತಿರ್ತೀ ಏನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನದಿಂದ ಅಳತೆ ಬರೆಯುವ ವಹಿಯ ಹಿಂದಿನ ಹಾಳೆಗಳಲ್ಲಿ ಜನರ ಮಾತು ಬರೆದಿಡತೊಡಗಿದೆ. ಮುಂದಿನಿಂದ ಎದೆ, ಸೊಂಟ, ತೋಳು, ಹಿಂದಿನಿಂದ ಮಾತು. ಹೀಗೆ ಬರೆದುಕೊಳ್ಳುವುದು ಯಾರಿಗೂ ಗೊತ್ತಿರಲಿಲ್ಲ. ಹೆಂಗಸರು ಅಳತೆಗೆ ತೋಳೆತ್ತಿ ನಿಂತಾಗ ಗೋಡೆ ನೋಡುತ್ತ ಮಾತಾಡುತ್ತಾರೆ. ಎದುರಿಗೆ ಮುಖ ಇರುವುದಿಲ್ಲ, ಟೇಪು ಹಿಡಿದ ಕೈ ಮಾತ್ರ ಇರುತ್ತದೆ. ಅದಕ್ಕೇ ಇರಬೇಕು, ಬೇರೆಲ್ಲೂ ಆಡದ್ದನ್ನು ಅಲ್ಲಿ ಆಡುತ್ತಾರೆ.

ನಮ್ಮ ಓಣಿಯ ಕೊನೆಯ ಮನೆಯ ಹೆಂಗಸನ್ನು ನಾನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತೇನೆ. ಒಬ್ಬನೇ ಮಗ, ಒಬ್ಬಳೇ ಸೊಸೆ. ಸೊಸೆಗೆ ಏಳು ತಿಂಗಳಾದಾಗ, ಬಾಣಂತನಕ್ಕೆ ರಾಯಬಾಗದ ತವರಿಗೆ ಕಳಿಸುವ ಮುಂಚೆ, ಕಾಕು ಅವಳ ಮೂರು ಜಂಪರ ತಂದು ನನ್ನ ಮೇಜಿನ ಮೇಲೆ ಹಾಕಿದರು.

"ಇವನ್ನ ಸಡ್ಲ ಮಾಡವಾ. ನನ್ನ ಸೊಸಿ ಈಗ ಬಾಗಲದಾಗ ಹಿಡಿಯಾಂಗಿಲ್ಲ. ಉಣ್ಣೂದು ಮಲಗೂದು, ಮಲಗೂದು ಉಣ್ಣೂದು. ಹೊಟ್ಟ್ಯಾಗ ಇರೂದು ಕೂಸೋ, ಅಕ್ಕಿ ಚೀಲಾನೋ, ಆ ದೇವರಿಗೇ ಗೊತ್ತು."

ಅವರು ಹೋದ ಕೂಡಲೇ ಇದಷ್ಟನ್ನೂ ಬರೆದಿಟ್ಟುಕೊಂಡೆ. ಒಂದು ಶಬ್ದ ಹೆಚ್ಚುಕಡಿಮೆ ಮಾಡಲಿಲ್ಲ. ಆ ವಾರವೇ ಕಥೆಯಾಯಿತು: ಬಸುರಿ ಸೊಸೆಯ ಊಟ ನೋಡಿ ಕರುಬುವ ಅತ್ತೆ, ಅಡುಗೆಮನೆಯ ಮೂಲೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ಅಳುವ ಸೊಸೆ. ಅಕ್ಕಿ ಚೀಲದ ಮಾತು ನಟ್ಟನಡುವೆ ಇತ್ತು. ಮಾಸ್ತರರಿಗೆ ಓದಿ ಹೇಳಿದಾಗ, "ಈಗ ಬಂತ ನೋಡು ಮಾತು, ಈ ಅತ್ತಿ ಹಾಳಿ ಬಿಟ್ಟ ಎದ್ದ ಬರತಾಳ" ಎಂದರು. ಎರಡು ತಿಂಗಳಿಗೆ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು.

ಅಂದು ನಾನು ಮಾಡಿದ ಕೆಲಸವನ್ನು ಸರಿಯಾಗಿ ಹೇಳಬೇಕು. ಪತ್ರಿಕೆಯ ಪುಟಗಳ ಫೋಟೊ ತೆಗೆದು ನನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ನನ್ನ ಫೋನಿನಲ್ಲಿರುವ ನಂಬರುಗಳಲ್ಲಿ ಹೆಚ್ಚಿನವು ಗಿರಾಕಿಗಳವು. ಆ ಸೊಸೆಯದೂ ಇತ್ತು. ಹಾಕುವಾಗ ಅದು ನೆನಪಿಗೆ ಬರಲಿಲ್ಲ. ನಾಚಿಕೆಯಿಂದಲೇ ಬರೆಯುತ್ತೇನೆ: ಎಷ್ಟು ಮಂದಿ ನೋಡಿದರೆಂದು ಆ ದಿನ ಮಧ್ಯಾಹ್ನದವರೆಗೂ ತೆಗೆದು ತೆಗೆದು ನೋಡುತ್ತಿದ್ದೆ.

ರಾಯಬಾಗದಲ್ಲಿ ಆ ಸೊಸೆಗೆ ಹೆಣ್ಣು ಕೂಸು ಹುಟ್ಟಿ ಅಂದಿಗೆ ಎಂಟು ದಿನವಾಗಿತ್ತು. ಐದು ದಿನ ಬಿಟ್ಟು, ಐತವಾರ, ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ನಮ್ಮ ಕಡೆ ತವರಿನವರು ಗಂಡನ ಮನೆಯವರನ್ನು ಬಾಯಿತುಂಬ ಕರೆಯಬೇಕು. ಕರೆ ಬಾರದೆ ಬೀಗರ ಮನೆಯ ಹೊಸ್ತಿಲು ತುಳಿಯುವಂತಿಲ್ಲ.

ಮರುದಿನ ಬೆಳಿಗ್ಗೆ ಕಾಕು ಬಂದರು. ಎಂದಿನಂತೆ ಕೂರಲಿಲ್ಲ.

"ಏನ ಬರದಿಯವಾ ನನ್ನ ಮ್ಯಾಲ? ಮಗಾ ಓದಿ ಹೇಳಿದ."

"ಅದು ಕಥಿ ಕಾಕೂ."

"ಕಥ್ಯಾಗ ನನ್ನ ಅಕ್ಕಿ ಚೀಲಾ ಯಾಕ ಬಂತು? ನಿನ್ನ ಮನ್ಯಾಗ ಚೀಲಾ ಇರಲಿಲ್ಲೇನು?"

ನಾನು ಮೇಜಿನ ಮೇಲಿನ ದಾರದ ತುಂಡುಗಳನ್ನು ಒಟ್ಟುಮಾಡತೊಡಗಿದೆ.

"ಮಾತು ನಂದ ಐತಿ. ಆದ್ರ ಆ ಹೆಣಮಗಳು ನಾ ಅಲ್ಲ. ಸೊಸಿ ನಿನ್ನಿಯಿಂದ ನನ್ನ ಫೋನ ಎತ್ತವಲ್ಲಳು. ಕರಿಯಾಕ ಬರವರು ನಿನ್ನಿ ಬರಬೇಕಿತ್ತು, ಬಂದಿಲ್ಲ. ದವಾಖಾನ್ಯಾಗ ಒಂದ ಸಲ ನೋಡೀನಿ ಕೂಸಿನ್ನ. ಬಟ್ಟಿ ಸುತ್ತಿದ್ರು, ಮಾರಿ ಅಷ್ಟ ಕಂಡಿತ್ತು."

"ನೀವ ಹೋಗಿ ಮಾತಾಡ್ರಿ ಕಾಕೂ."

"ಕರಿಲಾರದ ಹೆಂಗ ಹೋಗ್ಲಿ? ನಿನಗೇನು ಊರಿನ ರೀತಿ ಗೊತ್ತಿಲ್ಲೇನು? ಎಲ್ಲಾ ಬರೀತಿ."

ಅವರು ಹೋದ ಮೇಲೆ ಜಂಪರದ ಒಂದು ತೋಳನ್ನು ತಿರುವುಮುರುವಾಗಿ ಜೋಡಿಸಿ ಬಿಚ್ಚಿದೆ. ಮತ್ತೆ ಹಾಗೇ ಜೋಡಿಸಿದೆ. ಸ್ಟೇಟಸ್ ಕೂಡಲೇ ಅಳಿಸಿದೆ, ಆದರೆ ಓದಿದವರ ತಲೆಯಿಂದ ತೆಗೆಯಲಾದೀತೆ? ಹನ್ನೊಂದು ಗಂಟೆಗೆ ಅಂಗಡಿಯ ಬಾಗಿಲು ಹಾಕಿ ರಾಯಬಾಗಕ್ಕೆಂದು ಬಸ್ ಹತ್ತಿದೆ.

ಚಿಕ್ಕೋಡಿಯಲ್ಲಿ ಬಸ್ ಬದಲಿಸಿದೆ. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಡಬ್ಬಿ ಎಳೆಯುತ್ತಿದ್ದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಡೆದುಹೋಗುವವರಷ್ಟೇ ನಿಧಾನಕ್ಕೆ ಸಾಗಿತ್ತು. ಕಾಕು ಜಂಪರ ತಂದ ದಿನದ ಮಾತನ್ನು ನಾನು ಇನ್ನೊಮ್ಮೆ ಮೊದಲಿನಿಂದ ನೆನೆದೆ. ಈ ಸಲ ಅವರ ಬಾಯಿಯನ್ನಲ್ಲ, ಕೈಯನ್ನು ನೋಡಿದೆ. ಅಕ್ಕಿ ಚೀಲ ಎನ್ನುವಾಗ ಕಾಕು ಜಂಪರದ ಒಳಮಗ್ಗುಲು ತಿರುವಿ, ಬಿಡಿಸಲು ಹೊಲಿಗೆಯೊಳಗೆ ಎಷ್ಟು ಬಟ್ಟೆ ಉಳಿದಿದೆ ಎಂದು ಉಗುರಿನಿಂದ ಕೆರೆದು ನೋಡುತ್ತಿದ್ದರು. ಆಮೇಲೆ, "ಮುಂದಿನ ಹುಕ್ಕ ಎಲ್ಲಾ ತಗದು ಚಪ್ಪಟಿ ಟಿಚ್ ಬಟನ್ ಹಚ್ಚು. ಹಾಲು ಕುಡಿಯೂವಾಗ ಹುಕ್ಕ ಕೂಸಿನ ಗಲ್ಲಕ್ಕ ಒತ್ತತೈತಿ" ಎಂದಿದ್ದರು. ಇದನ್ನೂ ಅವರೇ ಹೇಳಿದ್ದು. ವಹಿಯಲ್ಲಿ ಇದೂ ಇತ್ತು. ಆದರೆ ಮುಂದಿನ ಹಾಳೆಗಳಲ್ಲಿ, ಕೆಲಸದ ಲೆಕ್ಕಕ್ಕೆ, "ಟಿಚ್ ಬಟನ್, ೩ ಜಂಪರ" ಎಂದು.

ನಮ್ಮ ಕಡೆ ಎಷ್ಟೋ ಹೆಂಗಸರು ಅಳತೆ ಕೊಡಲು ಬರುವುದಿಲ್ಲ, ಹಳೆಯದೊಂದು ಜಂಪರ ಕಳಿಸುತ್ತಾರೆ. ಅದನ್ನಿಟ್ಟು ಕತ್ತರಿಸಿದರೆ ಕೈಯೆತ್ತುವಾಗ ಎಲ್ಲಿ ಹಿಡಿಯುತ್ತದೆ, ಯಾವ ಭುಜ ತಗ್ಗು ಎಂಬುದು ತಿಳಿಯುವುದಿಲ್ಲ. ಇದನ್ನು ದಿನವೂ ಗಿರಾಕಿಗಳಿಗೆ ಹೇಳಿ ಜಗಳಾಡುವವಳು ನಾನೇ. ಆದರೂ ಒಂದು ಮಾತನ್ನು ಇಟ್ಟುಕೊಂಡು ಇಡೀ ಹೆಂಗಸನ್ನು ಕತ್ತರಿಸಿದ್ದೆ.

ರಾಯಬಾಗದ ಮನೆಯಲ್ಲಿ ಸೊಸೆಯ ತಾಯಿ ಬಾಗಿಲು ತೆರೆದು, ಒಳಗೆ ಬರ್ರಿ ಎಂದರು, ಚಹಾ ಇಡಲು ಹೋದರು. ಬಾಣಂತಿ ಕೋಣೆಯಲ್ಲಿ ಕೆಂಡದ ವಾಸನೆ ಇತ್ತು. ಆಕೆ ಕಿವಿ ಮುಚ್ಚುವಂತೆ ರುಮಾಲು ಕಟ್ಟಿಕೊಂಡು ಹೊರಸಿನ ಮೇಲೆ ಕೂತಿದ್ದಳು. ಕೂಸು ಪಕ್ಕದಲ್ಲಿ ಮಲಗಿತ್ತು.

"ಬರ್ರಿ ಟೇಲರ ಅಕ್ಕಾ. ನೋಡ್ರಿ, ಅಳಾಕತ್ತೀನೇನು? ನಿಮ್ಮ ಕಥ್ಯಾಗ ಮೂರ ಸಲ ಅಳತೀನಿ. ಎಣಸೀನಿ."

"ಅದು ನೀ ಅಲ್ಲವಾ."

"ಹಂಗಾರ ಅಕ್ಕಿ ಚೀಲಾ ಯಾರದ್ರಿ?"

ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದನ್ನು ಹೇಳಿದೆ. ಅತ್ತೆ ಬಾಯಿಂದ ಹಾಗೆ ಅನ್ನುವಾಗ ಕೈಯಿಂದ ಏನು ಮಾಡುತ್ತಿದ್ದರು, ಹುಕ್ಕಿನ ಬಗ್ಗೆ ಏನು ಹೇಳಿದ್ದರು, ಎಲ್ಲ. ಆಕೆ ತಡೆಯದೆ ಕೇಳಿದಳು.

"ಅದೆಲ್ಲಾ ನನಗ ಗೊತ್ತೈತ್ರಿ. ಜಂಪರ ಹಾಕ್ಕೊಂಡಾಕಿ ನಾ."

ಕೂಸಿನ ಮೇಲಿಂದ ಸರಿದ ಬಟ್ಟೆಯನ್ನು ಎಳೆದು ಹೊದಿಸಿದಳು.

"ಅಕ್ಕಿ ಚೀಲಾ ಅಂದಿದ್ದು ನಿಮ್ಮ ಮುಂದ ಮೊದಲಲ್ರಿ. ನನ್ನ ಮುಂದ ಅಂದಿದ್ರು ಮೊದಲ. ನಾ ಏನಂದೆ ಗೊತ್ತೇನು? 'ನಿಮ್ಮ ಮಗಾ ಜ್ವಾಳಾ ಬಿಟ್ರ ಬ್ಯಾರೆ ಏನ ತಂದಾನ್ರಿ ಅತ್ತಿ? ಅಕ್ಕಿ ಎಲ್ಲಿಂದ ಬರತೈತಿ?' ಅಂದೆ. ಅವರು ನಕ್ಕ ನಕ್ಕ ಪಡಸಾಲ್ಯಾಗ ಕುಂತಬಿಟ್ರು. ಆಮ್ಯಾಲ ಓಣಿ ತುಂಬಾ ತಾವ ಹೇಳ್ಕೋತ ಅಡ್ಯಾಡ್ಯಾರ, ನನ್ನ ಸೊಸಿ ಹಿಂಗಂದ್ಲು ಅಂತ. ನಿಮ್ಮ ಮುಂದ ಮಾತ್ರ ನನ್ನ ಮಾತು ನುಂಗ್ಯಾರ. ಸೊಸಿ ಮೂಲ್ಯಾಗ ಕುಂತ ಅಳತಾಳ ಅಂತ ಹೇಳ್ಯಾರ. ಅಷ್ಟ ಮಂದಿ ಓದೂದರಾಗ ನನ್ನ ಮೂಕಿ ಮಾಡಿ ಕೂಡಿಸ್ಯಾರ. ಅದಕ್ಕ ಸಿಟ್ಟ ನನಗ."

ಹಾಗಾದರೆ ಅವರಿಬ್ಬರ ನಡುವೆ ಕೆಟ್ಟದ್ದು ಅಕ್ಕಿ ಚೀಲದಿಂದಲ್ಲ. ನಾನು ಕದ್ದ ಮಾತು ಅವರಿಗೆ ನಗುವ ಮಾತಾಗಿತ್ತು. ಕೆಡಿಸಿದ್ದು ನಾನು ಸ್ವಂತ ಸೇರಿಸಿದ್ದು.

"ಅವರು ಹಂಗ ಹೇಳಿಲ್ಲವಾ. ಅಳೂದು ನಾ ಹಾಕಿದ್ದು."

"ನೀವ?"

"ನಾನ."

"ಯಾಕ್ರಿ?"

ಮಾಸ್ತರರಿಗಾಗಿದ್ದರೆ, ಕಥೆಗೆ ಬೇಕಿತ್ತು ಎನ್ನುತ್ತಿದ್ದೆ. ಈಕೆಯ ಮುಂದೆ ಅದು ಬರಲಿಲ್ಲ. ಅತ್ತೆಯ ಮಾತು ಕೇಳಿದ ಸೊಸೆ ಏನು ಮಾಡುತ್ತಾಳೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಎರಡು ವರ್ಷ ನನ್ನ ಅಡುಗೆಮನೆಯ ಮೂಲೆಯಲ್ಲಿ ಏನು ಮಾಡಿದ್ದೆನೋ ಅದನ್ನೇ ತಂದು ಅವಳಿಗೆ ತೊಡಿಸಿದ್ದೆ. ಸೆರಗು ಬಾಯಿಗೊತ್ತಿಕೊಂಡದ್ದೂ ನಾನೇ.

"ನಾ ಆಗಿದ್ರ ಅಳತಿದ್ದೆ," ಎಂದೆ.

"ಹಂಗಾರ ನೀವ ಅಳ್ರಿ. ನನ್ನ ಕಣ್ಣಿಲೆ ಯಾಕ ಅಳತೀರಿ?"

ಅವಳ ತಾಯಿ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತರು. ಕೂಸು ಮುಲುಗಿತು. ಆಕೆ ಒಂದು ಕೈಯಿಂದ ಅದನ್ನು ತಟ್ಟುತ್ತ ಇನ್ನೊಂದು ಕೈಯಿಂದ ಫೋನ್ ಹಚ್ಚಿದಳು. ಮೊದಲ ರಿಂಗಿಗೇ ಕಾಕು ಎತ್ತಿದರು. ಅವರ ದನಿ ನನಗೂ ಕೇಳುವಷ್ಟು ದೊಡ್ಡದಿತ್ತು.

"ಯಾರು?"

"ಯಾರು ಅಂತೀರಲ್ರಿ ಅತ್ತಿ, ನಂಬರ ಅಳಿಸೀರೇನು?"

"ಎರಡ ದಿನಾ ಎತ್ತಲಿಲ್ಲಲ್ಲ, ಸತ್ತಿ ಅಂತ ತಿಳಕೊಂಡಿದ್ದೆ."

"ನಿಮ್ಮನ್ನ ಬಿಟ್ಟ ಹೆಂಗ ಸಾಯ್ಲಿ? ಐತವಾರ ತೊಟ್ಲಾ ಐತಿ. ನಾಳೆ ನಮ್ಮ ಅಪ್ಪಾ ಕರಿಯಾಕ ಬರ್ತಾನ. ಬರವರೋ, ಇಲ್ಲಾ ಸೊಂಟಾ ಹಿಡದೈತಿ ಅಂತ ಮಲಗವರೋ?"

"ಸೊಂಟಾ ಹಿಡದ್ರ ತೆವಳಕೋತ ಬರ್ತೀನಿ, ನಿಂಗೇನ? ಕೂಸು ಹಾಲು ಕುಡೀತೇನು?"

"ನಿಮ್ಮಂಗ, ಬಾಯಿ ಮುಚ್ಚೂದ ಇಲ್ಲ."

ಆ ಕಡೆ ಕಾಕು ಮೂಗು ಸೇದಿದ್ದು ಕೇಳಿಸಿತು. ಸೊಸೆ ಫೋನನ್ನು ಕೂಡಲೇ ಎದೆಗೆ ಒತ್ತಿ ಹಿಡಿದು ನನ್ನ ಕಡೆ ನೋಡಿದಳು. ಇದು ನನಗೆ ಕೇಳಿಸಬಾರದೆಂದು ಹಾಗೆ ಮಾಡಿದಳು. ನಾನು ಚಹಾದ ಲೋಟ ನೋಡಿದೆ.

ಹೊರಡುವಾಗ ಬಾಗಿಲ ತನಕ ಬರಲಾಗದೆ ಹೊರಸಿನಿಂದಲೇ ಹೇಳಿದಳು: "ಅಕ್ಕಾ, ಸಿಟ್ಟಾಗಬ್ಯಾಡ್ರಿ. ಐತವಾರ ನೀವ ಬರಬ್ಯಾಡ್ರಿ. ಓಣಿ ಮಂದಿ ಎಲ್ಲಾ ಬರ್ತಾರ. ನೀವ ಕುಂತ್ರ ಯಾರೂ ಬಾಯಿ ಬಿಡೂದಿಲ್ಲ."

ಐತವಾರ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಒಂದು ಕ್ರೂಸರ್ ಗಾಡಿ ಬಾಡಿಗೆಗೆ ಮಾಡಿಕೊಂಡು ಹೋದರು. ನನ್ನ ಅಂಗಡಿಯ ಮುಂದೆಯೇ ಹತ್ತಿದರು. ಕಾಕು ಹಸಿರು ಇಳಕಲ್ ಸೀರೆ ಉಟ್ಟಿದ್ದರು. ಗಾಡಿ ತಿರುಗುವವರೆಗೆ ನಾನು ಮಷೀನು ತುಳಿಯುತ್ತಲೇ ಇದ್ದೆ. ಸೂಜಿಯಲ್ಲಿ ದಾರ ಇರಲಿಲ್ಲವೆಂದು ಆಮೇಲೆ ಕಂಡಿತು.

ಮಾಸ್ತರರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಅಕಿ ಹೇಳಿದ ಮಾತು ಇನ್ನೂ ಛಲೋ ಐತಲ್ಲ, ಅದನ್ನ ಬರಿ" ಎಂದರು. ಬರೆದೆ. ಹೊಸ ಕಥೆಯಲ್ಲಿ ಹೆಸರುಗಳ ಮೇಲೆ ಯಾರು ಕೈ ಊರಿದರೂ ಯಾರ ಮಾತೆಂದು ಹೇಳಬಹುದು. ಅತ್ತೆ ಬೈಯುತ್ತ ಹೊಲಿಗೆ ಬಿಚ್ಚುತ್ತಾಳೆ, ಸೊಸೆ ತಿರುಗಿ ಅನ್ನುತ್ತಾಳೆ. ಎಲ್ಲಿಗೂ ಕಳಿಸಿಲ್ಲ. ಕೇಳದೆ ಕಳಿಸುವಂತಿಲ್ಲ, ಕೇಳಲು ಧೈರ್ಯ ಸಾಲುತ್ತಿಲ್ಲ.

ಐದನೇ ತಿಂಗಳಿಗೆ ಸೊಸೆ ಕೂಸನ್ನು ಕರೆದುಕೊಂಡು ಏಕಸಂಬಿಗೆ ಬಂದಳು. ಮೊನ್ನೆ ಕಾಕು ತಮ್ಮ ಜಂಪರದ ಅಳತೆ ಕೊಡಲು ಬಂದಿದ್ದರು. ತೋಳೆತ್ತಿ ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ಬೆನ್ನಿಗೆ ಟೇಪು ಹಿಡಿದೆ.

"ನಿನ್ನಿ ಅಕಿ ಏನಂದ್ಲು ಗೊತ್ತೇನು..." ಎಂದು ಶುರು ಮಾಡಿದರು. ಬೆನ್ನು ನಗುವಿನಿಂದ ಅಲುಗಿದ್ದು ನನ್ನ ಕೈಗೆ ತಿಳಿಯಿತು. ಆಮೇಲೆ ಅಲುಗುವುದು ನಿಂತಿತು.

"ಏನಂದ್ಲು ಕಾಕೂ?"

"ಏನಿಲ್ಲ ತಗಿ. ತೋಳಾ ಸ್ವಲ್ಪ ಉದ್ದ ಇಡು."