ಒಳತೇವ

ಆ ಕಟ್ಟಡದವರೆಲ್ಲ ಅವನನ್ನು ಬ್ರಶ್ಶಣ್ಣ ಎಂದೇ ಕರೆಯುತ್ತಿದ್ದರು. ಬಣ್ಣ ಬಳಿಯುವುದು ಅವನ ಕಸುಬು. ಹನ್ನೊಂದು ವರ್ಷದಿಂದ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದ ಈ ಪುಣ್ಯಾತ್ಮನಿಗೆ ಮಾಲೀಕರು ಇನ್ನೊಂದು ಕೆಲಸವನ್ನೂ ಅಂಟಿಸಿದ್ದರು: ಯಾರಾದರೂ ಮನೆ ಬಿಡುವಾಗ ಗೋಡೆ ನೋಡಿ, ಹಾಳಾದದ್ದನ್ನೆಲ್ಲ ಪಟ್ಟಿ ಮಾಡುವುದು. ಆ ಪಟ್ಟಿಯ ಮೇಲೆಯೇ ಅವರ ಅಡ್ವಾನ್ಸ್ ಹಣ ವಾಪಸಾಗುತ್ತಿತ್ತು, ಇಲ್ಲವೇ ಆಗುತ್ತಿರಲಿಲ್ಲ.

ಮೊಳೆಯ ತೂತು, ಎಣ್ಣೆ ಜಿಡ್ಡು ಕಣ್ಣಿಗೆ ಕಾಣುತ್ತವೆ. ಬಾಡಿಗೆಯವರು ವಾದಕ್ಕೆ ನಿಲ್ಲುತ್ತಾರೆ. ಒಮ್ಮೆ ಏನೂ ಸಿಗದೆ ಮಾಲೀಕರು ಮುಖ ಗಂಟಿಕ್ಕಿದಾಗ ಬ್ರಶ್ಶಣ್ಣ ಗೋಡೆಯನ್ನು ಕುಟ್ಟಿ ನೋಡಿ, 'ಒಳತೇವ' ಎಂದು ಬರೆದುಬಿಟ್ಟ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವವಂತೆ. ಅಂಥ ಪದ ಬೇರೆ ಯಾವ ಪೇಂಟರ್ ಬಾಯಲ್ಲೂ ಇರಲಿಲ್ಲ. ಸುಳ್ಳೆನ್ನಲು ಗೋಡೆ ಒಡೆಯಬೇಕು, ಒಡೆಯಲು ಮಾಲೀಕರ ಅಪ್ಪಣೆ ಬೇಕು. ಆ ಒಂದು ಪದ ಆರು ಸಂಸಾರಗಳ ಅಡ್ವಾನ್ಸನ್ನು ನುಂಗಿ ನೀರು ಕುಡಿಯಿತು. ಬಣ್ಣದವನೇ ಹೇಳಿದ ಮೇಲೆ ಇರಬಹುದೆಂದು ಅವರೆಲ್ಲ ನಂಬಿ ಹೋದರು. ಅವನ ಬಾಡಿಗೆ ಮಾತ್ರ ಏರಲೇ ಇಲ್ಲ. ತಾನು ಬರೀ ಬರೆಯುವವನು, ಹಣ ಹಿಡಿಯುವವರು ಬೇರೆ ಎಂದು ಅವನು ಕೈ ತೊಳೆದುಕೊಂಡಿದ್ದ.

ಈ ವರ್ಷ ಹೆಂಡತಿಯ ಮಂಡಿ ಕೈಕೊಟ್ಟಿತು. ಇಳಿದರೆ ಹತ್ತಲಾಗದು, ಹತ್ತಿದರೆ ಇಳಿಯಲಾಗದು. ಎರಡು ಬೀದಿ ಆಚೆ ಮೆಟ್ಟಿಲಿಲ್ಲದ ಮನೆಯೊಂದು ಸಿಕ್ಕಿತು. ಶನಿವಾರದೊಳಗೆ ಅಲ್ಲಿ ಅಡ್ವಾನ್ಸ್ ಕಟ್ಟಬೇಕಿತ್ತು. ಇಲ್ಲಿಯದು ಕೈಗೆ ಬಂದರೆ ಮಾತ್ರ ಅದು ಸಾಧ್ಯವಿತ್ತು.

ಶುಕ್ರವಾರ ಬೆಳಿಗ್ಗೆ ಮಾಲೀಕರು ತಾವೇ ಮೂರು ಮಹಡಿ ಹತ್ತಿ ಬಂದರು. ಕಟ್ಟಿಟ್ಟ ಗಂಟುಗಳ ನಡುವೆ ಸುತ್ತಾಡಿದರು. ಮಂಡಿ ಹೇಗಿದೆಯಮ್ಮ ಎಂದು ಅವನ ಹೆಂಡತಿಯನ್ನು ಅಕ್ಕರೆಯಿಂದ ವಿಚಾರಿಸಿದರು. ಆಮೇಲೆ ಮೆಲ್ಲಗೆ ಗೋಡೆ ಕುಟ್ಟಿದರು.

"ಒಳಗೆ ತೇವ ಇದ್ದ ಹಾಗಿದೆ ಅಲ್ವೇನಯ್ಯಾ?"

"ಈ ಗೋಡೆಗೆ ನಾನೇ ಬಣ್ಣ ಹೊಡ್ದಿರೋದು ಸಾರ್. ತೇವ ಗೀವ ಏನೂ ಇಲ್ಲ."

"ಇದ್ಯೋ ಇಲ್ವೋ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳು," ಎಂದು ಅವರು ನಕ್ಕರು.

ದನಿ ಏರಿಸಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಕೆಳಗಿನ ಮನೆಯ ಟೀಚರಮ್ಮನೂ ನಾಳೆ ಖಾಲಿ ಮಾಡುತ್ತಾರೆ, ಅವರ ಪಟ್ಟಿ ಇವತ್ತೇ ಬೇಕು, ಅದು ಹೇಗಿದೆ ಎಂದು ನೋಡಿಕೊಂಡು ನಿನ್ನದನ್ನು ಯೋಚಿಸೋಣ ಎಂದು ಹೇಳಿ ಮಾಲೀಕರು ಇಳಿದುಹೋದರು.

ಗಂಟಿನ ಮೇಲೆ ಕುಳಿತಿದ್ದ ಹೆಂಡತಿ ಎರಡೂ ಕೈಯಲ್ಲಿ ಮಂಡಿ ಹಿಡಿದುಕೊಂಡು ಗಂಡನ ಮುಖವನ್ನೇ ನೋಡಿದಳು. ಅವನಿಗೆ ನಾಚಿಕೆಯಾಯಿತು. ಆದರೂ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಇಳಿದ.

ಬಾಗಿಲು ತೆರೆದ ಟೀಚರಮ್ಮ ನೆಮ್ಮದಿಯ ಉಸಿರು ಬಿಟ್ಟರು. ಗುರುತಿಲ್ಲದವರು ಯಾರಾದರೂ ಬಂದು ಇಲ್ಲದ್ದನ್ನೆಲ್ಲ ಬರೆದುಕೊಂಡು ಹೋದಾರೆಂದು ಬೆಳಗಿನಿಂದ ಎದೆ ಹೊಡೆದುಕೊಳ್ಳುತ್ತಿತ್ತಂತೆ.

"ನೀವು ಬಂದ್ರಲ್ಲ ಅಣ್ಣಾ, ಇನ್ನು ಚಿಂತೆಯಿಲ್ಲ. ನೋಡ್ಕೊಂಡು ನೀವೇ ತುಂಬ್ಕೊಳ್ಳಿ," ಎಂದು ಪಟ್ಟಿಯ ಹಾಳೆಯನ್ನು ಅವನ ಕೈಗಿತ್ತರು.

ಹಾಳೆ ಖಾಲಿಯಿತ್ತು. ಕೆಳಗೆ ಟೀಚರಮ್ಮ ಆಗಲೇ ಒಪ್ಪಿಗೆಯ ಸಹಿ ಹಾಕಿಟ್ಟಿದ್ದರು.