ಕಲ್ಲಿನ ಮೇಲೆ ಮೊದಲೇ ಕೆತ್ತಿದ ಹೆಸರು

2024ರ ನವೆಂಬರ್ 2, ಶನಿವಾರ. ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ ನನ್ನ ಪತಿ ಕ್ಲಾರೆನ್ಸ್ ಲೋಬೊ ಅವರ ಮರಣದ ಮೂವತ್ತನೆಯ ದಿನದ ಬಲಿಪೂಜೆ ಮುಗಿದ ಮೇಲೆ, ಚರ್ಚಿನ ಬಾಗಿಲ ಬಳಿ ಎಲ್ಲರಿಗೂ ಒಂದೊಂದು ಸ್ಮರಣೆಯ ಕಾರ್ಡ್ ಕೊಟ್ಟರು. ನನಗೂ ಒಂದು ಕೊಟ್ಟರು. ಆ ಕಾರ್ಡಿನಲ್ಲಿ ನಾನು ಅವರ ಪತ್ನಿಯಾಗಿರಲಿಲ್ಲ. ದುಃಖತಪ್ತರ ಪಟ್ಟಿಯಲ್ಲಿ ಮಗ ಸ್ಯಾವಿಯೋ, ಮಗಳು ಕ್ಯಾರಲ್, ಮೊಮ್ಮಕ್ಕಳು, ಮೊದಲ ಪತ್ನಿಯ ತಂಗಿಯರು, ಇವರೆಲ್ಲರ ನಂತರ, 'ಕುಟುಂಬದ ಸ್ನೇಹಿತರು' ಎಂಬ ಮಾತಿಗೆ ಒಂದೇ ಒಂದು ಅಲ್ಪವಿರಾಮದಷ್ಟು ಮೊದಲು, 'ಎಮಿಲಿಯಾನಾ ಆಂಟಿ' ಎಂದು ಅಚ್ಚಾಗಿತ್ತು. ಮೇಲ್ಭಾಗದಲ್ಲಿ, ಚಿನ್ನದ ಬಣ್ಣದಲ್ಲಿ, ಈ ವಾಕ್ಯವಿತ್ತು: 'ಸ್ವರ್ಗದಲ್ಲಿ ತನಗಾಗಿ ಕಾಯುತ್ತಿದ್ದ ಪತ್ನಿ ಜೊವಾನಿಟಾರನ್ನು ಸೇರಿದರು, ಇನ್ನು ಎಂದೆಂದಿಗೂ ಪತಿ-ಪತ್ನಿ.'

ಸಿಡ್ನಿಯಲ್ಲಿರುವ ನಮ್ಮ ಮಂಗಳೂರಿನವರ ಸಂಘವು ತನ್ನ ವಾರ್ಷಿಕ ಸಂಚಿಕೆಯಲ್ಲಿ ಇದೇ ಬರಹವನ್ನು ಕ್ಲಾರೆನ್ಸ್ ಅವರ ಜೀವನಪರಿಚಯವೆಂದು ಪ್ರಕಟಿಸಲಿದೆಯಂತೆ. ಅದೇ ವಾಕ್ಯವನ್ನು ವರ್ಷಾಂತಿಕದೊಳಗೆ ಸಮಾಧಿಯ ಕಲ್ಲಿಗೂ ಕೆತ್ತಿಸುವರಂತೆ. ಆದ್ದರಿಂದ ಸರಿಯಾದ ಪರಿಚಯವನ್ನು ನಾನು ಬರೆಯುತ್ತಿದ್ದೇನೆ. ನನಗೆ ಎಪ್ಪತ್ತೈದು ವರ್ಷ. ಮಂಗಳೂರಿನ ಅನುದಾನಿತ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡವನ್ನೂ ಭಾನುವಾರಗಳಲ್ಲಿ ಧರ್ಮೋಪದೇಶವನ್ನೂ ಕಲಿಸಿ ನಿವೃತ್ತಳಾದವಳು. ತಪ್ಪಿದ್ದರೆ ತೋರಿಸಿ, ತಿದ್ದಿಕೊಳ್ಳುತ್ತೇನೆ.

ಕ್ಲಾರೆನ್ಸ್ ಹುಟ್ಟಿದ್ದು 1946ರಲ್ಲಿ, ಮಂಗಳೂರಿನ ಜೆಪ್ಪುವಿನಲ್ಲಿ. ಕಾರ್ಡಿನಲ್ಲಿ 1944 ಎಂದಿದೆ. ಕಾರ್ಡಿನಲ್ಲಿ ಅವರನ್ನು 'ಮ್ಯಾನೇಜರ್' ಎಂದು ಕರೆದಿದೆ. ಅವರು ಯಾವ ಕಾಲದಲ್ಲಿಯೂ ಮ್ಯಾನೇಜರ್ ಆಗಿರಲಿಲ್ಲ, ಆಗಬೇಕೆಂದು ಬಯಸಲೂ ಇಲ್ಲ. ಹದಿನಾರನೆಯ ವಯಸ್ಸಿನಲ್ಲಿ ಹಂಚಿನ ಕಾರ್ಖಾನೆಗೆ ಸೇರಿದರು. ನದಿಯಿಂದ ದೋಣಿಯಲ್ಲಿ ಬಂದ ಜೇಡಿಮಣ್ಣನ್ನು ಹದಮಾಡುವುದು, ಅಚ್ಚಿನಿಂದ ಇಳಿದ ಹಸಿ ಹಂಚಿನ ಅಂಚನ್ನು ಸವರುವುದು, ಒಣಗಿದ್ದನ್ನು ಸುಡುವ ಗೂಡಿಗೆ ಜೋಡಿಸುವುದು ಅವರ ಕೆಲಸ. 1973ರಲ್ಲಿ ನರ್ಸ್ ಆಗಿದ್ದ ಜೊವಾನಿಟಾರನ್ನು ಮದುವೆಯಾದರು. 1988ರಲ್ಲಿ ಆಕೆಯ ನೌಕರಿಯಿಂದಾಗಿಯೇ ಕುಟುಂಬಕ್ಕೆ ಸಿಡ್ನಿಯ ದಾರಿ ತೆರೆಯಿತು. ಇದನ್ನು ಬರೆಯುವುದು ನನಗೆ ಇಷ್ಟವಿಲ್ಲ, ಆದರೆ ಇದು ಸತ್ಯ. ಅಲ್ಲಿ ಕ್ಲಾರೆನ್ಸ್ ಹತ್ತೊಂಬತ್ತು ವರ್ಷ ಇಟ್ಟಿಗೆ ಕಾರ್ಖಾನೆಯ ಗೂಡಿನಲ್ಲಿ ದುಡಿದರು. ಜೊವಾನಿಟಾ 2003ರಲ್ಲಿ ತೀರಿಕೊಂಡರು. ಸಿಡ್ನಿಯ ಸ್ಮಶಾನದಲ್ಲಿ ಕ್ಲಾರೆನ್ಸ್ ಒಬ್ಬರ ಮೇಲೊಬ್ಬರನ್ನು ಇಳಿಸುವ, ಇಬ್ಬರಿಗೆ ಸಾಕಾಗುವ ಆಳದ ಗುಂಡಿಯನ್ನು ತೋಡಿಸಿ, ಒಂದೇ ಕಲ್ಲಿನ ಮೇಲೆ ಎರಡೂ ಹೆಸರು ಕೆತ್ತಿಸಿದರು. ಕೆಳಗಿನ ಹೆಸರು ಕ್ಲಾರೆನ್ಸ್ ಅವರದು. ಜನನ 1946, ಒಂದು ಅಡ್ಡಗೆರೆ, ಮುಂದೆ ಖಾಲಿ ಜಾಗ. ಮಗನಿಗೆ ತಂದೆಯ ಹುಟ್ಟಿದ ವರ್ಷ ತಿಳಿಯದಿದ್ದರೆ ಆ ಕಲ್ಲನ್ನಾದರೂ ನೋಡಬಹುದಿತ್ತು.

ನಾನು ಕ್ಲಾರೆನ್ಸ್ ಅವರನ್ನು ಮೊದಲು ಕಂಡದ್ದು 2008ರ ಅಕ್ಟೋಬರಿನಲ್ಲಿ, ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿರುವ ನನ್ನ ತಮ್ಮ ಕಾನ್ರಾಡನ ಮನೆಯಲ್ಲಿ. ನಿವೃತ್ತಳಾಗಿ ತಮ್ಮನ ಬಳಿಗೆ ಬಂದು ಐದು ತಿಂಗಳಾಗಿತ್ತು. ಸಿಡ್ನಿಯಿಂದ ಬಂದಿದ್ದ ಅವರು ಕಾನ್ರಾಡನ ಹಳೆಯ ಗೆಳೆಯ. ಭಾನುವಾರ ಪೂಜೆಯ ನಂತರ ನಾನು ನಮ್ಮವರ ಮಕ್ಕಳಿಗೆ ಬೈಬಲಿನ ಆದಿಕಾಂಡ ಕಲಿಸುತ್ತಿದ್ದೆ. ಹಿಂದೆ ಕುಳಿತಿದ್ದ ಈ ಅತಿಥಿ ಮರುವಾರ ಕುಂಬಾರಿಕೆಯ ಮಣ್ಣಿನ ಎರಡು ಪೊಟ್ಟಣ ಹೊತ್ತು ಬಂದರು. ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಮೂಗಿನಲ್ಲಿ ಜೀವಶ್ವಾಸ ಊದಿದ ಪಾಠ ಅಂದು. ಪ್ರತಿ ಮಗುವಿನ ಕೈಗೂ ಒಂದು ಮುದ್ದೆ ಕೊಟ್ಟು, "ಮಾಡಿ ಒಬ್ಬ ಮನುಷ್ಯನನ್ನು. ಆಮೇಲೆ ಊದಿ ನೋಡುವ" ಎಂದರು. ಮಕ್ಕಳು ಮಾಡಿದರು, ಊದಿದರು. ಯಾವುದೂ ಏಳಲಿಲ್ಲ. "ನಾಟ್ ವರ್ಕಿಂಗ್, ಅಂಕಲ್" ಎಂದಿತು ಒಂದು ಮಗು. "ನನ್ನದೂ ವರ್ಕ್ ಆಗುವುದಿಲ್ಲ. ಅರುವತ್ತು ವರ್ಷ ಮಣ್ಣಲ್ಲಿ ಕೆಲಸ ಮಾಡಿಯೂ ಆಗಲಿಲ್ಲ. ಊದುವವನು ಬೇರೆ" ಎಂದರು. ವಾಸ್ತವವಾಗಿ ನಲವತ್ತು ಚಿಲ್ಲರೆ ವರ್ಷ. ನಾನು ಅಲ್ಲಿಯೇ ತಿದ್ದಿದೆ. ಹವ್ವಳನ್ನು ಮಣ್ಣಿನಿಂದಲ್ಲ, ಪಕ್ಕೆಲುಬಿನಿಂದ ರೂಪಿಸಿದ್ದೆಂಬುದನ್ನೂ ಮಕ್ಕಳಿಗೆ ನೆನಪಿಸಿದೆ.

ಅವರು ನನ್ನತ್ತ ತಿರುಗಿ ಕೇಳಿದರು: "ಪಕ್ಕೆಲುಬು ಯಾವುದರದ್ದು ಟೀಚರ್?"

"ಆದಾಮನದು."

"ಆದಾಮ ಯಾವುದರದ್ದು?"

ಮಕ್ಕಳೆದುರು ನನ್ನನ್ನು ಹೀಗೆ ಸೋಲಿಸಿದವರು ಅದುವರೆಗೆ ಯಾರೂ ಇರಲಿಲ್ಲ. 2009ರ ಮೇ 16ರಂದು ನಮ್ಮ ಮದುವೆಯಾಯಿತು; ಕ್ರೇಗಿಬರ್ನ್‌ನಲ್ಲೇ ನೆಲೆಸಿ ಭಾನುವಾರದ ತರಗತಿಯನ್ನು ಇಬ್ಬರೂ ನಡೆಸಿದೆವು. ಕೊನೆಯವರೆಗೂ ಅವರು ನನ್ನನ್ನು ಟೀಚರ್ ಎಂದೇ ಕರೆದರು. ಅವರ ಮಕ್ಕಳು ಆಂಟಿ ಎಂದರು. ಈ ದೇಶದಲ್ಲಿ ನಮ್ಮವರಿಗೆ ಅಂಗಡಿಯಲ್ಲಿ ಸಿಕ್ಕ ಹೆಂಗಸೂ ಆಂಟಿಯೇ.

ಜೊವಾನಿಟಾರನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಆದರೂ ಆಕೆ ನಮ್ಮ ಮನೆಯಲ್ಲಿದ್ದರು. ಆಕೆಯ 2003ರ ಸ್ಮರಣೆಯ ಕಾರ್ಡ್ ಕ್ಲಾರೆನ್ಸ್ ಅವರ ಪ್ರಾರ್ಥನೆಯ ಪುಸ್ತಕದಲ್ಲಿತ್ತು. ದಿನವೂ ಸಂಜೆ ಜಪಮಾಲೆಯ ಹೊತ್ತಿಗೆ ಪುಸ್ತಕ ತೆರೆದರೆ ಮೊದಲು ಕಾಣುತ್ತಿದ್ದುದು ಆ ಮುಖ. ನನಗೆ ವಯಸ್ಸಾಗುತ್ತಿತ್ತು, ಆಕೆಗೆ ಆಗುತ್ತಿರಲಿಲ್ಲ. ಹಬ್ಬಕ್ಕೆ ನಾನು ಇಡ್ಲಿಯಂಥ ಸಣ್ಣಾ ಬೇಯಿಸಿ ಬಡಿಸಿದರೆ ಕ್ಯಾರಲ್ ಮೃದುವಾಗಿ, "ಆಂಟಿ, ಮಮ್ಮಿ ಮಾಡ್ತಿದ್ದದ್ದು ಸ್ವಲ್ಪ ಸಾಫ್ಟ್ ಇರ್ತಿತ್ತು" ಎನ್ನುತ್ತಿದ್ದಳು. ಕ್ಲಾರೆನ್ಸ್ ಹಾಗೆ ಎಂದೂ ಅನ್ನಲಿಲ್ಲ. ಅನ್ನದೆ ಇದ್ದಾಗಲೂ ಅವರು ಮನಸ್ಸಿನಲ್ಲಿ ಹೋಲಿಸುತ್ತಿದ್ದಾರೆಂದೇ ನಾನು ಎಣಿಸುತ್ತಿದ್ದೆ.

ಪ್ರತಿ ನವೆಂಬರಿನಲ್ಲಿ, ಅಗಲಿದವರ ಹಬ್ಬಕ್ಕೆ, ಇಬ್ಬರೂ ಸಿಡ್ನಿಗೆ ಹೋಗುತ್ತಿದ್ದೆವು. ಅವರು ಸಮಾಧಿಯನ್ನು ತೊಳೆದು ಮೇಣದಬತ್ತಿ ಹಚ್ಚುವಾಗ ನಾನು ಕೊಡೆ ಹಿಡಿದು ನಿಂತು ಕಲ್ಲನ್ನು ಓದುತ್ತಿದ್ದೆ. ಇನ್ನೊಬ್ಬಳ ಹೆಸರಿನ ಕೆಳಗೆ ನನ್ನ ಗಂಡನ ಹೆಸರು, ಅದರ ಮುಂದೆ ಖಾಲಿ ಜಾಗ. ಗಂಡ ಬದುಕಿರುವಾಗಲೇ ಅವನಿಗಾಗಿ ಕಾದಿರಿಸಿದ ಜಾಗವನ್ನು ಹದಿನೈದು ಬಾರಿ ನೋಡಿದವಳು ನಾನು. ಆ ಗುಂಡಿಯಲ್ಲಿ ಮೂರನೆಯವರಿಗೆ ಆಳವಿಲ್ಲ ಎಂಬುದನ್ನು ಸ್ಮಶಾನದ ಕಚೇರಿಯಲ್ಲಿ ವಿಚಾರಿಸಿಯೂ ಬಂದಿದ್ದೆ, ಅವರಿಗೆ ತಿಳಿಯದಂತೆ.

ಈಗ ಆ ವಾಕ್ಯದ ವಿಷಯ. 2017ರಲ್ಲಿ ಮರಣಾನಂತರದ ಜೀವನದ ಪಾಠ ನಡೆಯುತ್ತಿತ್ತು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, "ಕ್ಲಾರೆನ್ಸ್ ಅಂಕಲ್, ಯು ಹ್ಯಾವ್ ಟೂ ವೈಫ್ಸ್. ಹೆವನ್‌ನಲ್ಲಿ ಯಾರ ಜೊತೆ ಇರ್ತೀರಾ?" ಎಂದಳು. ತರಗತಿ ನಕ್ಕಿತು. ಅವರೂ ನಕ್ಕು, "ಇದಕ್ಕೆ ಟೀಚರ್ ಉತ್ತರ ಕೊಡಲಿ" ಎಂದು ನನ್ನ ಮೇಲೆ ಹಾಕಿದರು.

ಉತ್ತರ ನನಗೆ ಗೊತ್ತಿತ್ತು. ಸತ್ತವರ ಪುನರುತ್ಥಾನವನ್ನೇ ನಂಬದ ಸದ್ದುಕಾಯ ಪಂಥದವರು ಯೇಸುಸ್ವಾಮಿಯನ್ನು ಸಿಕ್ಕಿಸಲು ಬಂದು, ಏಳು ಜನ ಅಣ್ಣತಮ್ಮಂದಿರನ್ನು ಒಬ್ಬರ ನಂತರ ಒಬ್ಬರನ್ನು ಮದುವೆಯಾಗಿ ವಿಧವೆಯಾದವಳು ಕಡೆಗೆ ಯಾರ ಹೆಂಡತಿ ಎಂದು ಕೇಳಿದ್ದರು. ಎದ್ದುಬಂದವರಲ್ಲಿ ಮದುವೆಯಾಗುವುದೂ ಇಲ್ಲ, ಮದುವೆ ಮಾಡಿಕೊಡುವುದೂ ಇಲ್ಲ, ಅವರು ದೇವದೂತರ ಹಾಗಿರುತ್ತಾರೆ ಎಂಬುದು ಸ್ವಾಮಿಯ ಉತ್ತರ. ಸಂತ ಮತ್ತಾಯನ ಇಪ್ಪತ್ತೆರಡನೆಯ ಅಧ್ಯಾಯ. ನಾನು ಇದನ್ನು ಹೇಳಿದೆ. ಬೇಕಾದುದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೆಂದು ಈಗ ಅನ್ನಿಸುತ್ತದೆ. ಅಲ್ಲಿ ಜೊವಾನಿಟಾ ಪತ್ನಿಯಲ್ಲ ಎಂಬ ಸಂತೋಷ ನನಗಿತ್ತು.

ಪಾಠ ಮುಗಿದು ಅವರು ಕಾರು ಹತ್ತಿ ಕುಳಿತರು. ಆಮೇಲೆ, "ಹಾಗಾದರೆ ಅಲ್ಲಿ ನನ್ನ ಊಟ ಎಂತ ಟೀಚರ್?" ಎಂದರು.

"ಅಲ್ಲಿ ಹಸಿವೆ ಇಲ್ಲ."

"ಒಳ್ಳೆದಾಯ್ತು. ನಿಮ್ಮಿಬ್ಬರ ಸಣ್ಣಾದಲ್ಲಿ ಯಾವುದು ಮೆತ್ತಗೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ." ಮತ್ತೆ ಹೇಳಿದರು: "ಆದರೆ ನಾನು ಅವಳ ಕಾರ್ಡಿನಲ್ಲಿ, ಸ್ವರ್ಗದಲ್ಲಿ ಪತಿಗಾಗಿ ಕಾಯುತ್ತಿದ್ದಾಳೆ ಅಂತ ಬರೆಸಿದ್ದೆ. ಅದು ತಪ್ಪು ಹಾಗಾದರೆ. ಹಸಿ ಹಂಚು ಓರೆಯಾದರೆ ಪುನಃ ಮಣ್ಣಿಗೆ ಹಾಕ್ಲಿಕ್ಕೆ ಆಗ್ತದೆ ಟೀಚರ್. ಬೆಂದದ್ದನ್ನು ಎಂತ ಮಾಡುವುದು?"

ಆ ಕಾರ್ಡನ್ನು ಅವರು ಪುಸ್ತಕದಿಂದ ತೆಗೆಯಲಿಲ್ಲ. ನಾನು ತೆಗೆಯಿರಿ ಎನ್ನಲೂ ಇಲ್ಲ.

ಅವರು ತೀರಿಕೊಂಡದ್ದು 2024ರ ಅಕ್ಟೋಬರ್ 3, ಗುರುವಾರ, ಮೆಲ್ಬರ್ನಿನ ಆಸ್ಪತ್ರೆಯಲ್ಲಿ. ಹಿಂದಿನ ದಿನ ನನ್ನನ್ನು ಕರೆದು, "ಸಿಡ್ನಿಗೇ ಕೊಂಡುಹೋಗಿ ಆಯ್ತಾ? ಹೆಸರು ಕೆತ್ತಿ ಆಗಿದೆ. ನಿಮಗೆ ಬೇಜಾರುಂಟಾ?" ಎಂದು ಕೇಳಿದರು. ಇಲ್ಲವೆಂದೆ. ಅದು ನಾನು ಅವರಿಗೆ ಹೇಳಿದ ಒಂದೇ ಸುಳ್ಳು. ಸಮಾಧಿಯ ಸ್ಥಳದ ಬಗ್ಗೆ ನನ್ನ ತಕರಾರಿಲ್ಲ, ಅದು ಅವರ ಮಾತು. ನನ್ನ ಸಮಾಧಿ ಅಲ್ಲಿಂದ ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಕ್ರೇಗಿಬರ್ನ್ ಕಡೆಯಲ್ಲಿ ಆಗಲಿದೆ.

ಮಣ್ಣು ಮಾಡುವಾಗ ಪ್ರತಿಯೊಬ್ಬರೂ ಒಂದು ಹಿಡಿ ಮಣ್ಣು ಹಾಕುವುದು ನಮ್ಮ ಪದ್ಧತಿ. ನನ್ನ ಸರದಿ ಹನ್ನೊಂದನೆಯದು, ಜೊವಾನಿಟಾರ ತಂಗಿಯರ ನಂತರ. ನನ್ನ ಕೈಚೀಲದಲ್ಲಿ ಕ್ಲಾರೆನ್ಸ್ ತಮ್ಮ ಕೊನೆಯ ತರಗತಿಯಲ್ಲಿ ಮಾಡಿದ ಮಣ್ಣಿನ ಮನುಷ್ಯನಿದ್ದ. ಬೆರಳುದ್ದ, ಸುಡದ ಮಣ್ಣು, ಬೆನ್ನಿನ ಮೇಲೆ ಅವರ ಹೆಬ್ಬೆರಳ ಗುರುತು. ಅದನ್ನು ಹಿಡಿ ಮಣ್ಣಿನೊಂದಿಗೆ ಬಿಟ್ಟೆ. ಆಕೆಗೂ ಅವರಿಗೂ ನಡುವೆ ನನ್ನದೊಂದು ವಸ್ತು ಇರಲಿ ಎಂಬ ಆಸೆಯಿಂದ ಬಿಟ್ಟೆ. ಆದರೆ ಆಕೆ ಕೆಳಗೆ, ಅವರು ಮೇಲೆ. ಅದು ಬಿದ್ದದ್ದು ಇಬ್ಬರ ಮೇಲೆ, ನಡುವೆ ಅಲ್ಲ. ಇದೂ ದಾಖಲಾಗಲಿ.

ಕಾರ್ಡ್ ಸಿಕ್ಕಿದ ಮರುದಿನ ಸ್ಕೋಫೀಲ್ಡ್ಸ್‌ನಲ್ಲಿರುವ ಸ್ಯಾವಿಯೋಗೆ ಫೋನ್ ಮಾಡಿದೆ.

"ಆಂಟಿ, ಬೇಕಂತ ಮಾಡಿದ್ದಲ್ಲ. ಮಮ್ಮಿಯ ಕಾರ್ಡ್ ಫೈಲ್ ಇತ್ತು. ಅದನ್ನೇ ಎಡಿಟ್ ಮಾಡಿದೆ. ಟೈಮ್ ಇರ್ಲಿಲ್ಲ."

"ಅದರಲ್ಲಿ ನನ್ನ ಹೆಸರನ್ನು ಸೇರಿಸಲು ಟೈಮ್ ಸಿಕ್ಕಿತಲ್ಲ. ಪತ್ನಿ ಎಂದು ಬರೆಯಲು ಸಿಗಲಿಲ್ಲವೇ?"

"ಓಕೆ, ಅದು ನನ್ನ ಮಿಸ್ಟೇಕ್. ಬಟ್ ಆ ಸೆಂಟೆನ್ಸ್ ಡ್ಯಾಡಿಯೇ ಬರೆದದ್ದು. ಮಮ್ಮಿ ಕಾಯ್ತಾ ಇದ್ದಾರೆ ಅಂತ. ನಾನು ಅದನ್ನು ಕಂಪ್ಲೀಟ್ ಮಾಡಿದೆ ಅಷ್ಟೆ."

"ನಿನ್ನ ಡ್ಯಾಡಿ ಸ್ವರ್ಗ ಸೇರಿಯಾಗಿದ್ದರೆ, ನಿನ್ನೆ ಅವರ ಆತ್ಮದ ಶುದ್ಧೀಕರಣಕ್ಕಾಗಿ ಪೂಜೆ ಇಡಿಸಿದ್ದು ಯಾಕೆ? ಕಾರ್ಡ್ ಒಂದು ಹೇಳುತ್ತದೆ, ಪೂಜೆ ಒಂದು ಹೇಳುತ್ತದೆ. ಇನ್ನು ಎಂದೆಂದಿಗೂ ಪತಿ-ಪತ್ನಿ ಎಂಬುದು ಯೇಸುಸ್ವಾಮಿಯ ಮಾತಿಗೇ ವಿರುದ್ಧ."

ಸ್ಯಾವಿಯೋ ಕೇಳಿದ: "ಆಂಟಿ, ನಿಮಗೆ ಮಮ್ಮಿ ಮೇಲೆ ಜೆಲಸಿ ಅಲ್ವಾ?"

"ಹೌದು" ಎಂದೆ. "ಹದಿನೈದು ವರ್ಷದಿಂದ. ಆದರೆ ಮತ್ತಾಯನ ಇಪ್ಪತ್ತೆರಡನೆಯ ಅಧ್ಯಾಯವನ್ನು ಬರೆದದ್ದು ನಾನಲ್ಲ."

ಫೋನ್ ಇಟ್ಟ ಮೇಲೆ ಆ ಅಧ್ಯಾಯವನ್ನು ಮತ್ತೆ ತೆರೆದೆ, ಸ್ಯಾವಿಯೋಗೆ ಕಳುಹಿಸಲು ಸಾಲುಗಳನ್ನು ನಕಲು ಮಾಡಬೇಕೆಂದು. ಮಕ್ಕಳಿಗೆ ಎಷ್ಟೋ ಬಾರಿ ಕಲಿಸಿದ ಸಾಲು. ಆದರೆ ಅದು ಜೊವಾನಿಟಾರಿಂದ ಅವರನ್ನು ಬಿಡಿಸುವಂತೆಯೇ ನನ್ನಿಂದಲೂ ಬಿಡಿಸುತ್ತದೆ ಎಂದು ಅಂದಿನವರೆಗೆ ನಾನು ನನಗೇ ಅನ್ವಯಿಸಿ ಓದಿರಲಿಲ್ಲ. ಆಕೆಯ ಮೂವತ್ತು ವರ್ಷವೂ ನನ್ನ ಹದಿನೈದೂ ಮಣ್ಣಿನ ಮೇಲೆ ನಡೆದ ಬಾಳು. ಕಲ್ಲಿನಿಂದ ಆಕೆಯ ಹೆಸರನ್ನು ತೆಗೆಸಿ ನನ್ನದನ್ನು ಕೆತ್ತಿಸುವ ಹಕ್ಕು ನನಗಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಎಂಟು ತಿಂಗಳು ಬೇಕಾಯಿತು. ಅಸೂಯೆ ಹೋಗಿಲ್ಲ.

ಆದ್ದರಿಂದ ಸಂಚಿಕೆಯ ಸಂಪಾದಕ ಮಂಡಳಿಗೂ, ಸ್ಯಾವಿಯೋ ಮತ್ತು ಕ್ಯಾರಲ್ ಇಬ್ಬರಿಗೂ ಇದು ನನ್ನ ಬೇಡಿಕೆ. ಹುಟ್ಟಿದ ವರ್ಷ 1946 ಎಂದು ತಿದ್ದಿ. ಮ್ಯಾನೇಜರ್ ಎಂಬುದನ್ನು ಹೊಡೆದುಹಾಕಿ 'ಹಂಚಿನ ಕೆಲಸಗಾರ, ಮಕ್ಕಳ ಉಪದೇಶಕ' ಎಂದು ಹಾಕಿ. ಜೊವಾನಿಟಾರ ಪತಿ, 1973ರಿಂದ 2003. ಎಮಿಲಿಯಾನಾರ ಪತಿ, 2009ರಿಂದ 2024, ಅಂದರೆ ಹದಿನೈದು ವರ್ಷ ನಾಲ್ಕು ತಿಂಗಳು ಹದಿನೇಳು ದಿನ. ಸ್ವರ್ಗದ ಬಗ್ಗೆ ನಮ್ಮಿಬ್ಬರಲ್ಲಿ ಯಾರ ಹೆಸರಿನಲ್ಲಿಯೂ ಏನನ್ನೂ ಬರೆಯಬೇಡಿ. ಅವರು ಮಣ್ಣಿನಿಂದ ಬಂದು ಮಣ್ಣಿಗೆ ಮರಳಿದರು, ಉಸಿರು ಕೊಟ್ಟವನ ಕರೆಗಾಗಿ ಕಾದಿದ್ದಾರೆ. ಕಲ್ಲಿನ ಮೇಲೆ ಅಷ್ಟು ಸಾಕು. ಕೆತ್ತುವವನು ಇನ್ನೂ ಉಳಿ ಹಿಡಿದಿಲ್ಲವೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಹಂಚು ಇನ್ನೂ ಹಸಿಯಾಗಿದೆ. 2025ರ ಅಕ್ಟೋಬರ್ 3ರೊಳಗೆ ತಿದ್ದಿ, ತಿದ್ದಿದ ಪ್ರತಿಯನ್ನು ಕ್ರೇಗಿಬರ್ನ್ ವಿಳಾಸಕ್ಕೆ, 'ಶ್ರೀಮತಿ ಎಮಿಲಿಯಾನಾ ಲೋಬೊ' ಎಂದು ಬರೆದು ನನಗೆ ಕಳುಹಿಸಿ.