ಹುಲಿ ನೋಡಲು ಹೋದವರು ಕರು ತಂದೆವು

ಹಿಂದಿನ ಭಾನುವಾರ ಸಂಜೆ ಒಂದು ಕರು ನಮ್ಮ ಯಜಮಾನರ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ಯಿತು. ಎಲ್ಲಿ ಅಂತೀರಿ? ಯಾರದೋ ಕೊಟ್ಟಿಗೆಯಲ್ಲಿ ಅಲ್ಲ. ರಾಷ್ಟ್ರೀಯ ಉದ್ಯಾನದ ನಟ್ಟನಡುವೆ, ಓಡುತ್ತಿದ್ದ ಜೀಪಿನೊಳಗೆ.

ನಗಬೇಡಿ. ನಾನಿನ್ನೂ ನಕ್ಕಿಲ್ಲ. ವಾರ ಕಳೆದರೂ ಆ ಸಂಜೆಯನ್ನು ನೆನೆಸಿಕೊಂಡು ರಾತ್ರಿ ಎದ್ದು ಕೂರುತ್ತೇನೆ. ಹುಲಿಯ ಭಯದಿಂದ ಅಂದುಕೊಂಡಿರಾ? ಹುಲಿ ಪಾಪ ಏನೂ ಮಾಡಲಿಲ್ಲ. ಕಣ್ಣಿಗೇ ಬೀಳಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಪಾಂಡವಪುರದ ನಮ್ಮ ಬೀದಿಗೆ ಕೇಬಲ್ ಬಂದಿದ್ದೇ ಎಲ್ಲಕ್ಕೂ ಮೂಲ. ಬ್ಯಾಂಕಿನಿಂದ ಬಂದವರೇ ಶೂ ಕೂಡ ಬಿಚ್ಚದೆ ಕಾಡುಪ್ರಾಣಿಗಳ ಚಾನೆಲ್ ಮುಂದೆ ಕೂರುವುದು ಯಜಮಾನರ ಹೊಸ ಚಾಳಿ. "ಒಂದು ಸಲ ಹುಲೀನ ಕಣ್ಣಾರೆ ನೋಡ್ಬೇಕು ಕಣೇ" ಎಂಬ ರಾಗ ಶುರುವಾಯಿತು. (ಮನೆಯಲ್ಲಿ ನಾನಿಲ್ಲವೇ ಅಂದೆ. ಕೇಳಿಸಲಿಲ್ಲ.) ಕೊನೆಗೆ ಮೈಸೂರಿನಾಚೆಯ ಬೆಟ್ಟದ ಕಾಡಿನಲ್ಲಿ ಒಂದು ಜೀಪು, ಅದರ ಜೊತೆಗೊಬ್ಬ ಗೈಡ್ ಗೊತ್ತಾಯಿತು. ಯಾವ ಕಾಡು, ಯಾವ ಗೈಡ್ ಎಂದು ಕೇಳಬೇಡಿ. ವಿಷಯ ಈಗ ಕೇಸಿನಲ್ಲಿದೆ.

ಜೀಪಿಗೆ ನಾಲ್ಕು ಜನ ಬೇಕಿತ್ತು. ನಮ್ಮ ಮನೆಗೆ ಹಾಲು ಕೊಡುವ ಜಯಮ್ಮ ಮತ್ತು ಅವಳ ಗಂಡ ಗೌಡರು ಸೇರಿಕೊಂಡರು. ಚಿನಕುರಳಿಯ ಹತ್ತಿರದ ಹಳ್ಳಿಯವರು. ಜಯಮ್ಮ ನನ್ನ ವಾರಗೆಯವಳು, ಸಲಿಗೆಯವಳು. ಸ್ಕೂಲಿನಲ್ಲಿ ಪಾಠ ಮಾಡುವ ನಾನು ಅವಳಿಗೆ ಟೀಚರಮ್ಮ. ಗೌಡರ ಸೋದರಳಿಯನ ಬಳಿ ವಾರವೆಲ್ಲ ತರಕಾರಿ ಹೊರುವ ಮೆಟಡೋರ್ ಇತ್ತು. ಪ್ರಯಾಣ ಅದರಲ್ಲೇ, ಡ್ರೈವರು ಗೌಡರೇ.

ಆದರೆ ಜಯಮ್ಮ ಒಂದು ದಿನ ಊರು ಬಿಡುವುದೆಂದರೆ ಸಾಮಾನ್ಯವೇ? ಅವಳ ಸೀಮೆಹಸುಗಳು ಅವಳ ಕೈಗಲ್ಲದೆ ಬೇರೆಯವರಿಗೆ ಹಾಲು ಇಳಿಸುವುದಿಲ್ಲ. ಕೆ.ಆರ್. ಪೇಟೆಯಿಂದ ತಂಗಿಯನ್ನು ಕರೆಸಿ, ತನ್ನ ಹಳೇ ಸೀರೆ ಉಟ್ಟುಕೊಂಡೇ ಕರೆಯಬೇಕೆಂದು ಕಟ್ಟಪ್ಪಣೆ ಮಾಡಿ ಬಂದಿದ್ದಳು. ಹಸು ವಾಸನೆ ಹಿಡಿದು ಮೋಸ ಹೋಗುತ್ತದಂತೆ. ದಾರಿಯುದ್ದಕ್ಕೂ ಅದೇ ಚಿಂತೆ.

ಗೈಡ್ ಕರಿ ಕನ್ನಡಕದ, ಹಸಿರು ಟೋಪಿಯ ನಲವತ್ತರ ಆಸಾಮಿ. ಜೀಪೂ ಅವನದೇ, ಓಡಿಸುವವನೂ ಅವನೇ. ಬಾಯಿ ಬಲು ಜೋರು.

"ಬೆಳಿಗ್ಗೆ ಟ್ರಿಪ್ಪಲ್ಲಿ ಜಿಂಕೆ ನವಿಲು ಅಷ್ಟೇ ಸಾರ್. ಸಾಯಂಕಾಲ ಬನ್ನಿ. ಹುಲಿ ಗ್ಯಾರಂಟಿ."

"ಗ್ಯಾರಂಟಿ ಅಂದ್ರೆ?" ಎಂದೆ ನಾನು.

"ಸ್ಪೆಷಲ್ ಅರೇಂಜ್‌ಮೆಂಟ್ ಮೇಡಂ."

ಹುಲಿಗೆ ಗ್ಯಾರಂಟಿ ಕೊಡಲು ಅದೇನು ಪ್ರೆಶರ್ ಕುಕ್ಕರ್ರೇ? ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಯಜಮಾನರು ಅಷ್ಟರಲ್ಲಿ ಕ್ಯಾಮರಾಕ್ಕೆ ಹೊಸ ರೋಲ್ ತುಂಬಿ ಮುಂದಿನ ಸೀಟಿನಲ್ಲಿ ಕೂತಾಗಿತ್ತು.

ಜೀಪು ಬೆಟ್ಟ ಹತ್ತಿತು. ಮಾತಾಡಬೇಡಿ, ಕೆಳಗಿಳಿಯಬೇಡಿ, ಕೈ ಹೊರಗೆ ಚಾಚಬೇಡಿ ಎಂದು ಗೈಡ್ ಹೇಳುತ್ತಲೇ ಇದ್ದ. ಮಾತಾಡದೆ ಇರುವುದು ನಮ್ಮ ಮಂಡ್ಯದವರಿಂದ ಆಗುವ ಕೆಲಸವೇ? ಕಣಿವೆ ಕಂಡ ಕೂಡಲೇ ಗೌಡರು, "ಎಂಥಾ ಮಣ್ಣು ನೋಡಿ ಸಾ. ಇಲ್ಲಿಗೊಂದು ನಾಲೆ ತಂದ್ಬುಟ್ಟಿದ್ರೆ ಕಬ್ಬು ಆಳುದ್ದ ಬತ್ತಿತ್ತು" ಎಂದರು. ಕಾಡೆಮ್ಮೆಯ ಹಿಂಡು ಎದುರಾಯಿತು. ಒಂದೊಂದೂ ಗುಡ್ಡದಂತಿತ್ತು. ನಾನು ಉಸಿರು ಬಿಗಿಹಿಡಿದಿದ್ದೆ. ಜಯಮ್ಮ ಕೆಚ್ಚಲು ನೋಡಿ, "ಮೈ ಇದ್ದಷ್ಟು ಆಲಿಲ್ಲ ಇವಕ್ಕೆ" ಎಂದು ತೀರ್ಪು ಕೊಟ್ಟಳು.

ಬಿಸಿಲು ಇಳಿಯುವ ಹೊತ್ತಿಗೆ ಗೈಡ್ ದೊಡ್ಡ ದಾರಿ ಬಿಟ್ಟು ಪೊದೆಗಳ ನಡುವೆ ಜೀಪು ನುಗ್ಗಿಸಿದ. ಸ್ವಲ್ಪ ದೂರ ಹೋಗಿ ಎಂಜಿನ್ ಆಫ್ ಮಾಡಿದ. ಎಲ್ಲಿಂದಲೋ ಒಂದು ಕೂಗು ಕೇಳಿಸಿತು. ಒಡೆದ ದನಿ.

"ಕಡವೆ ಮೇಡಂ. ಹುಲಿ ಹತ್ತಿರ ಇದ್ರೆ ಹೀಗೇ ಕೂಗೋದು" ಎಂದು ಗೈಡ್ ಪಿಸುಗುಟ್ಟಿದ.

ಜಯಮ್ಮ ತಲೆಯೆತ್ತಿದಳು. "ಕಡವೆನೂ ಅಲ್ಲ ಗಿಡವೆನೂ ಅಲ್ಲ. ಕರ ಕಣಣ್ಣ ಅದು. ಒಟ್ಟೆಗಿಲ್ದೆ ಅರಚ್ತಾ ಅದೆ."

"ಕಾಡಲ್ಲಿ ಕರು ಎಲ್ಲಿಂದ ಬರ್ತದಮ್ಮಾ? ಸುಮ್ನಿರಿ."

ಜೀಪನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟ. ತಿರುವು ದಾಟಿದೆವು. ಮರ ಕಡಿದ ಬಯಲು, ನಡುವೆ ಒಂದು ಮೋಟುಮರ. ಆ ಮೋಟಿಗೆ ಗಿಡ್ಡ ಹಗ್ಗದಲ್ಲಿ ಕಟ್ಟಿದ್ದ ಕಪ್ಪು ಬಿಳುಪಿನ ಕರು. ಸೀಮೆಹಸುವಿನ ಕರು. ಜಗ್ಗಿ ಜಗ್ಗಿ ಕುತ್ತಿಗೆಯ ಕೂದಲು ಉದುರಿ ಚರ್ಮ ಕಾಣುತ್ತಿತ್ತು.

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಇದೇ ಗ್ಯಾರಂಟಿ. ಇದೇ ಸ್ಪೆಷಲ್ ಅರೇಂಜ್‌ಮೆಂಟ್. ನಾವು ಫೋಟೋ ಹೊಡೆಯಲೆಂದು ನಮ್ಮ ಕಣ್ಣೆದುರೇ ಹುಲಿ ಬಂದು ಅದನ್ನು ತಿನ್ನಬೇಕು!

ಯಜಮಾನರ ಕಡೆ ನೋಡಿದೆ. ಆ ಮನುಷ್ಯ ಕ್ಯಾಮರಾ ಕಣ್ಣಿಗೇರಿಸಿ, "ಶ್... ಯಾರೂ ಅಲ್ಲಾಡಬೇಡಿ" ಎನ್ನುತ್ತಿದ್ದರು. ಮನೆಯಲ್ಲಿ ಜಿರಳೆ ಹೊಡೆಯಲು ಹಿಂಜರಿಯುವ ಮನುಷ್ಯ. ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದೆ ನಾನು? ಕಾಡಿನಲ್ಲಿ ನನಗೆ ನಿಜಕ್ಕೂ ಭಯವಾದದ್ದು ಆಗ.

ಕರು ಮತ್ತೆ ಕೂಗಿತು. ಹಾಲು ಕರೆಯುವ ಹೊತ್ತು. ಅಷ್ಟೇ, ಜಯಮ್ಮ ಜೀಪಿನ ಹಿಂಬದಿಯಿಂದ ಇಳಿದೇಬಿಟ್ಟಳು.

ಹುಲಿ ಓಡಾಡುವ ಜಾಗ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆಮೇಲೆ ಕೇಳಿದೆ. "ಕರ ಕೂಗ್ತಿತ್ತಲ್ಲ ಟೀಚರಮ್ಮ, ಕಾಲು ತಾನೇ ಇಳಿದ್ವು" ಅಂದಳು. ಮೂವತ್ತು ವರ್ಷ ಸಂಜೆಯ ಹೊತ್ತಿಗೆ ಕರುವಿನ ಕೂಗು ಕೇಳಿದ ಕೂಡಲೇ ಎದ್ದ ಕಾಲುಗಳು. ಕಾಡು ಯಾವುದು, ಕೊಟ್ಟಿಗೆ ಯಾವುದು ಅವಕ್ಕೇನು ಗೊತ್ತು?

"ಅಮ್ಮಾ, ಹತ್ತಮ್ಮಾ, ಪ್ರಾಣ ಹೋಯ್ತದೆ" ಎಂದ ಗೈಡ್. ಕನ್ನಡಕ ತೆಗೆದಿದ್ದ, ಮುಖ ಬಿಳುಚಿತ್ತು.

"ಲೇ ಜಯಾ, ಬಾರಲೇ ಇತ್ತಗೆ" ಎಂದರು ಗೌಡರು.

ಅವಳು ತಿರುಗಿಯೂ ನೋಡಲಿಲ್ಲ. ಬಾ ಬಾ ಬಾ ಎನ್ನುತ್ತ ಹೋದಳು. ಎರಡು ಬೆರಳು ಕರುವಿನ ಬಾಯಿಗಿಟ್ಟಳು. ಅದು ಚಪ್ಪರಿಸಿ ಚೀಪತೊಡಗಿತು. ಕೂಗು ನಿಂತಿತು. ಇನ್ನೊಂದು ಕೈಯಲ್ಲಿ ಗಂಟು ಬಿಚ್ಚಲು ನೋಡಿದಳು. ಜಗ್ಗಿದ್ದಕ್ಕೆ ಗಂಟು ಕಲ್ಲಾಗಿತ್ತು.

ಗೌಡರು ಏನೋ ಗೊಣಗಿಕೊಂಡು ಇಳಿದು ಓಡಿದರು. ಅವರಿಂದಲೂ ಆಗಲಿಲ್ಲ. "ಚಾಕು, ಚಾಕು" ಎಂದರು. ಸೌತೆಕಾಯಿ ಹೆಚ್ಚುವ ಚಾಕು ನನ್ನ ಬ್ಯಾಗಿನಲ್ಲಿತ್ತು. ಎಸೆದರೆ ಹುಲ್ಲಿನಲ್ಲಿ ಕಳೆದುಹೋಗುತ್ತದೆ. ಯಜಮಾನರಿಗೆ ಕೊಡಲು ಹೋದೆ. ಅವರು ಕ್ಯಾಮರಾ ತೊಡೆಯ ಮೇಲಿಟ್ಟುಕೊಂಡು ಕಲ್ಲಿನಂತೆ ಕೂತಿದ್ದರು. ನಾನೇ ಇಳಿದೆ. (ಮೇಡಂ ಧೈರ್ಯವಂತೆ ಎಂದುಕೊಳ್ಳಬೇಡಿ. ಚಪ್ಪಲಿ ಎಲ್ಲಿ ಬಿಟ್ಟೆನೆಂದು ಇವತ್ತಿಗೂ ಗೊತ್ತಿಲ್ಲ.)

ಗೌಡರು ಹಗ್ಗ ಕೊಯ್ಯುತ್ತಿದ್ದರು. ಆಗ ಬಯಲಿನಾಚೆಯ ಪೊದೆಯಿಂದ ಢಾಂಕ್ ಎಂದು ಒಂದು ದನಿ ಸಿಡಿಯಿತು. ಈ ಸಲ ಅದು ನಿಜವಾದ ಕಡವೆ. ಹಕ್ಕಿಗಳೆಲ್ಲ ಒಟ್ಟಿಗೇ ಸುಮ್ಮನಾದವು. ಗೌಡರು ಕರುವನ್ನು ಎರಡು ತೋಳಲ್ಲಿ ಎತ್ತಿಕೊಂಡು ಓಡಿಬಂದರು. ನಾವಿಬ್ಬರೂ ಹಿಂದೆ ಹೇಗೆ ಹತ್ತಿದೆವೋ ದೇವರಿಗೇ ಗೊತ್ತು. ಹಿಂದೆ ಜಾಗ ಸಾಲದೆ ಕರುವಿನ ಅರ್ಧ ಮೈ ಮುಂದಿನ ಸೀಟಿನ ಮೇಲೆ, ಅಂದರೆ ಯಜಮಾನರ ಮಡಿಲಿಗೆ ಹೋಯಿತು. ಮುಂದಿನದನ್ನು ಮೊದಲೇ ಹೇಳಿದ್ದೇನೆ.

ಜೀಪು ದೊಡ್ಡ ದಾರಿ ಸೇರಿದ ಮೇಲೆ ಗೌಡರು ಬಾಯಿ ಬಿಟ್ಟರು. "ಏನ್ಲಾ, ಮನ್ಸನೇನ್ಲಾ ನೀನು? ಆಲು ಕುಡಿಯೋ ಕರನ ಉಲಿ ಬಾಯ್ಗೆ ಕಟ್ತೀಯಲ್ಲ, ನಿಂಗೆ ಒಳ್ಳೇದಾದದಾ?" ಬೈದರು. ಮಂಡ್ಯದ ಬೈಗುಳಗಳು ಪತ್ರಿಕೆಯಲ್ಲಿ ಅಚ್ಚಿಗೆ ಬರುವುದಿಲ್ಲ. ನೀವೇ ತುಂಬಿಕೊಳ್ಳಿ.

ಗೈಡ್ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ: "ಈ ಕರ ಕಾಡಲ್ಲಿ ಹುಟ್ಟಿದ್ದಲ್ಲ ಗೌಡ್ರೇ. ನಿಮ್ಮ ಸೀಮೆ ಸಂತೆಗಳಿಂದಲೇ ಬರೋದು. ಗಂಡು ಕರ ಬೇಕು ಅಂದ್ರೆ ಸಾಕು, ಹಿಡ್ಕೊಂಡು ಹೋಗು ಅಂತಾರೆ. ಯಾಕೆ, ಏನು, ಎಲ್ಲಿಗೆ ಅಂತ ಒಬ್ರೂ ಕೇಳಿಲ್ಲ ಇವತ್ತಿನವರೆಗೂ."

ಗೌಡರು ಕರುವಿನ ಕೊರಳಲ್ಲಿ ಉಳಿದಿದ್ದ ಹಗ್ಗದ ತುಂಡು ಬಿಚ್ಚತೊಡಗಿದರು.

ನಮ್ಮ ತಾಲ್ಲೂಕುಗಳ ಓದುಗರಿಗೆ ವಿವರಿಸಬೇಕಿಲ್ಲ. ಪಾಂಡವಪುರವಿರಲಿ, ನಾಗಮಂಗಲವಿರಲಿ, ಡೈರಿಗೆ ಹಾಲು ಹಾಕುವ ಯಾವ ಮನೆಗಾದರೂ ಹೋಗಿ. ಸೀಮೆಹಸು ಗಂಡು ಕರು ಹಾಕಿದರೆ ಮನೆಯಲ್ಲಿ ಮಾತು ಕಡಿಮೆ. ಉಳುಮೆಗೆ ಟ್ರಾಕ್ಟರು ಬಂದಿದೆ. ಉಳುತ್ತೇನೆಂದರೂ ಆ ಜಾತಿಯ ಕರುವಿಗೆ ಬೆನ್ನ ಮೇಲೆ ಡುಬ್ಬವಿಲ್ಲ, ನೊಗ ನಿಲ್ಲುವುದಿಲ್ಲ. ಅದು ಕುಡಿಯುವ ಹಾಲು ಕ್ಯಾನಿಗೆ ಹೋದರೆ ಲಾಭ. ಹಾಗಾಗಿ ಕೆಲವೇ ದಿನಗಳಲ್ಲಿ ಅದು ಕೊಟ್ಟಿಗೆಯಲ್ಲಿ ಇರುವುದಿಲ್ಲ. ಕೇಳಿದರೆ, "ಒಡ್ಕೊಂಡೋಗೋರ್ಗೆ ಕೊಟ್ವಿ" ಎನ್ನುತ್ತಾರೆ. ಹೊಡೆದುಕೊಂಡು ಹೋಗುವವರು ಎಂದರೆ ಯಾರು? ಅವರಿಗೆ ಊರಿಲ್ಲ, ಹೆಸರಿಲ್ಲ. ಎಲ್ಲಿಗೆ ಹೊಡೆದುಕೊಂಡು ಹೋಗುತ್ತಾರೆ? ಆ ಪ್ರಶ್ನೆ ಕೇಳುವ ಪದ್ಧತಿಯೇ ನಮ್ಮಲ್ಲಿಲ್ಲ. (ಅದು ಕುಡಿಯದೆ ಉಳಿದ ಹಾಲಿನ ಕಾಫಿಯನ್ನೇ ನಾನು ದಿನಾ ಕುಡಿಯುವುದು. ಕೇಳಲು ನನಗೂ ಬಾಯಿ ಬಂದಿರಲಿಲ್ಲ.)

ಜಯಮ್ಮ ಕರುವಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು.

"ನಮ್ದಲ್ಲ" ಎಂದಳು. "ನಮ್ದಕ್ಕೆ ಅಣೇಲಿ ಬಿಳಿ ಇತ್ತು."

ಯಾರೂ ಅವಳನ್ನು ಕೇಳಿರಲಿಲ್ಲ.

ಗೇಟಿನಲ್ಲಿ ಅರಣ್ಯ ಇಲಾಖೆಯವರು ಕರು ನೋಡಿ ನಮಗಿಂತ ಹೆಚ್ಚು ಗಾಬರಿಯಾದರು. ನಡೆದದ್ದನ್ನೆಲ್ಲ ಹೇಳಿದೆವು. ಗೈಡನನ್ನು ಕೂರಿಸಿಕೊಂಡರು, ಜೀಪಿನ ಕೀ ಕಿತ್ತುಕೊಂಡರು. ಸಾಕ್ಷಿ ಹೇಳಲು ಯಾರು ಬರುತ್ತೀರಿ ಎಂದಾಗ ಯಜಮಾನರೇ ಮುಂದೆ ಬಂದು ಸಹಿ ಹಾಕಿದರು. ಒದ್ದೆ ಪ್ಯಾಂಟಿನಲ್ಲೇ. ಆದರೆ ಕರು? "ನಾವು ಆನೆ ಮರಿ ಸಾಕಬಹುದು ಮೇಡಂ, ಸೀಮೆಹಸು ಕರುಗೆ ಇಲ್ಲಿ ಜಾಗ ಇಲ್ಲ" ಅಂದರು.

ಹೀಗೆ ಕರು ಮೆಟಡೋರ್ ಹತ್ತಿತು. ಶ್ರೀರಂಗಪಟ್ಟಣದ ಟೀ ಅಂಗಡಿಯಲ್ಲಿ ಹಾಲು ಕೇಳಿ ಪಡೆದು, ಬೆರಳು ಚೀಪಿಸುತ್ತಲೇ ಮೂತಿಯನ್ನು ಪಾತ್ರೆಗೆ ಬಗ್ಗಿಸಿ ಜಯಮ್ಮ ಕುಡಿಸಿದಳು. ಟೀ ಅಂಗಡಿಯವನು, "ಹೆಣ್ಣಾ?" ಎಂದ. ಅಲ್ಲ ಎಂದಳು. "ಮತ್ತ್ಯಾಕೆ?" ಎಂದ. ಅವಳು ಇನ್ನೊಂದು ಲೋಟ ಹಾಲು ಕೇಳಿದಳು.

ಜಯಮ್ಮನ ಊರಿನಲ್ಲಿ ಸುದ್ದಿ ಹರಡಿತು. ಹುಲಿ ಬಾಯಿಂದ ಬಂದ ಕರು ನೋಡಲು ಜನ ಬಂದರು. ಹೆಂಗಸರು ಅರಿಶಿನ ಕುಂಕುಮ ಇಟ್ಟರು. ಜಯಮ್ಮನನ್ನು ಪುಣ್ಯಾತ್ಗಿತ್ತಿ ಎಂದು ಹೊಗಳಿದರು. ಗೈಡನಿಗೆ ಇಡೀ ಊರು ಸೇರಿ ಶಾಪ ಹಾಕಿತು. ಗೌಡರು ಕೂಡ ಕರು ಇರಲಿ ಬುಡು ಎಂದರು. ನನಗೆ ಕಣ್ಣು ತುಂಬಿ ಬಂತು. ಪರವಾಗಿಲ್ಲ, ಜನಕ್ಕೆ ಕರುಳಿದೆ ಎಂದುಕೊಂಡೆ.

ನಿನ್ನೆ ಹಾಲು ತಂದದ್ದು ದಿನಾ ತರುವ ಗೌಡರಲ್ಲ, ಜಯಮ್ಮನೇ. ಪಾತ್ರೆಗೆ ಹಾಲು ಹುಯ್ದವಳು ಹೋಗದೆ ಬಾಗಿಲಲ್ಲೇ ನಿಂತಳು.

"ಟೀಚರಮ್ಮ, ನೀವು ಪೇಪರ್ಗೆ ಬರಿತೀರಲ್ಲ. ಒಂದು ಬರ್ಕೊಡಿ."

"ಏನು ಬರೀಲಿ ಜಯಮ್ಮ?"

"ನಮ್ಮನೆ ಮುಂದ್ಕೆ ಕರ ತಂದು ಕಟ್ಬ್ಯಾಡಿ ಅಂತ."

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಬುಧವಾರ ಬೆಳಗಾಗೆದ್ದು ಬಾಗಿಲು ತೆಗೆದರೆ ಜಗಲಿಯ ಕಂಬಕ್ಕೆ ಒಂದು ಗಂಡು ಕರು ಕಟ್ಟಿತ್ತಂತೆ. ಹೊಕ್ಕುಳು ಕೂಡ ಒಣಗಿರಲಿಲ್ಲ. ಶುಕ್ರವಾರ ಇನ್ನೊಂದು. ನಿನ್ನೆ ಮತ್ತೊಂದು. ಬೀದಿಯಲ್ಲಿ ಕೇಳಿದರೆ ಯಾರದೂ ಅಲ್ಲ. "ನೀನೆಂಗೂ ಸಾಕ್ತೀಯಲ್ಲ ಬುಡು" ಎಂದು ನಗುತ್ತಾರಂತೆ. ಕುಂಕುಮ ಇಟ್ಟವರೇ.

"ನಾನಾದ್ರೂ ಎಷ್ಟಕ್ಕೆ ಆಲು ಕುಡಿಸ್ಲಿ ಟೀಚರಮ್ಮ? ಮೇವೆಲ್ಲಿಂದ ತರ್ಲಿ? ಬೇಡ ಅಂದ್ರೆ ಇವೂ ಆ ಸಂತೆಗೇ ಓಯ್ತವೆ. ಎಲ್ಲಿಗೋಯ್ತವೆ ಅಂತ ಈಗ ಕಣ್ಣಾರೆ ಕಂಡಿವ್ನಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಕಾಡಿನಲ್ಲಿ ಅಳದವಳು.

ಬರೆದಿದ್ದೇನೆ, ಜಯಮ್ಮ. ಆದರೆ ನನಗೊಂದು ಮಾತು ತಿಳಿಯುತ್ತಿಲ್ಲ. ಕಾಡಿನಲ್ಲಿ ಕರು ಕಟ್ಟಿದವನನ್ನು ಹಿಡಿದುಕೊಟ್ಟೆವು. ನಿನ್ನ ಜಗಲಿಗೆ ಕಟ್ಟಿ ಹೋದವರನ್ನು ಯಾರಿಗೆ ಹಿಡಿದುಕೊಡುವುದು?